ಉಸಿರೂ ಕರುಳೂ: ಒಂದೇ ಮನೆಯ ಎರಡು ಬೇನೆಗಳು

(ರಬಾಳೆಯಲ್ಲಿ ಕೂಡಿದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವರು. ರೋಗದ ವಿಷಯವಾಗಿ ಮಾತನಾಡಲು ನಮಗೇನು ಅಧಿಕಾರವೆಂದು ತಾವು ಕೇಳಬಹುದು. ನಾಲ್ಕು ವರ್ಷಗಳಿಂದ ನಮ್ಮ ಸೋದರಮಾವನ ಮನೆಯಲ್ಲಿ ಎರಡು ಬೇನೆಗಳು ಒಟ್ಟಿಗೆ ಬೀಡುಬಿಟ್ಟಿವೆ. ಆಸ್ಪತ್ರೆಯ ಕಾಗದಗಳನ್ನು ಓದಿ ಹೇಳುವ ಕೆಲಸ, ಇಂಗ್ಲಿಷು ಬಲ್ಲ ಸೋದರಳಿಯನೆಂದು, ನಮ್ಮ ಪಾಲಿಗೆ ಬಂದಿತು. ನಮ್ಮ ಅಧಿಕಾರವೆಲ್ಲ ಇಷ್ಟೇ. ಅತ್ತೆಯವರ ಅಪ್ಪಣೆ ಪಡೆದೇ ಮನೆಯ ಮಾತನ್ನು ಸಭೆಯಲ್ಲಿ ಆಡುತ್ತಿದ್ದೇವೆ.

ಮಾವ ಹುನಗುಂದದ ಕಡೆಯಿಂದ ಬಂದವರು. ರಬಾಳೆಗೆ ರೈಲು ಬಂದದ್ದು 2004ರಲ್ಲಿ. ಅವರು ಬಂದದ್ದು ಅದಕ್ಕೂ ಮುಂಚೆ, ಠಾಣೆ–ಬೇಲಾಪುರ ರಸ್ತೆಯ ಬಸ್ಸಿಗೆ ನೇತಾಡಿಕೊಂಡು ಹೋಗುವ ಕಾಲದಲ್ಲಿ. ಮೊದಲು ಪಾರಸಿಕ ಗುಡ್ಡದ ಕಲ್ಲುಗಣಿ, ಆಮೇಲೆ ಕಾರಖಾನೆ. ಅತ್ತೆಯವರಿಗೆ ಈಗ ಅರವತ್ತೆರಡು. ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲ ಬಂತೆಂದರೆ ರಾತ್ರಿಯೆಲ್ಲ ಕೆಮ್ಮು. ಅವರ ಮಗನಿಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹೊಟ್ಟೆನೋವು, ಭೇದಿ, ರಕ್ತ. ಮೂಲವ್ಯಾಧಿಯೆಂದು ಒಂದು ದವಾಖಾನೆಯಲ್ಲಿ ಎಂಟು ತಿಂಗಳು ಮುಲಾಮು ಕೊಟ್ಟರು. ಹುಡುಗ ಹನ್ನೊಂದು ಕಿಲೋ ಇಳಿದ.

ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳಿದರು: "ಮನೆಯಲ್ಲಿ ಮತ್ತಾರಿಗಾದರೂ ಬಹುಕಾಲದ ಕಾಯಿಲೆ ಇದೆಯೆ?" ಮಾವ "ಇಲ್ಲ" ಎಂದುಬಿಟ್ಟರು. ಹೊರಗೆ ಬೆಂಚಿನ ಮೇಲೆ ಕುಳಿತ ಅತ್ತೆಯವರ ಕೆಮ್ಮು ಒಳಗೆ ನಮಗೆ ಕೇಳುತ್ತಿತ್ತು! ಮರಳಿ ಬರುವಾಗ ಕಾರಣ ಕೇಳಿದೆವು. "ಹುಡುಗಗ ಹೆಣ್ಣ ನೋಡಬೇಕಲೋ ತಮ್ಮಾ. ವಂಶದ ಬ್ಯಾನಿ ಅಂದ್ರ ಯಾರ್ ಕೊಡ್ತಾರ?" ಎಂದರು.

ಮಾವನ ಈ ಭಯ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ತಿಳಿಯಲೆಂದೇ ನಾವು ಓದತೊಡಗಿದೆವು.

ಎದೆಗೂ ಹೊಟ್ಟೆಗೂ ಏನು ಸಂಬಂಧವೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ತಾಯಿಯ ಗರ್ಭದಲ್ಲಿ ನಾಲ್ಕನೆಯ ವಾರದಲ್ಲಿ ಪುಪ್ಪುಸಗಳು ಮೊಳಕೆಯೊಡೆಯುವುದು ಅನ್ನನಾಳವಾಗಲಿರುವ ಅದೇ ಕೊಳವೆಯಿಂದ. ಒಂದೇ ಮನೆಯಲ್ಲಿ ಹುಟ್ಟಿ ಬೇರೆಯಾದ ಅಣ್ಣತಮ್ಮಂದಿರು ಎನ್ನಿರಿ. ಎರಡಕ್ಕೂ ಒಳಗಡೆ ಲೋಳೆಯ ತೆಳುಪೊರೆ. ಹೊರಲೋಕದೊಡನೆ ದಿನವೂ ವ್ಯವಹಾರ, ಒಂದಕ್ಕೆ ಗಾಳಿಯೊಡನೆ, ಇನ್ನೊಂದಕ್ಕೆ ಅನ್ನದೊಡನೆ. ಯಾವ ಕ್ರಿಮಿಯನ್ನು ಸಹಿಸಬೇಕು, ಯಾವುದರ ಮೇಲೆ ಬೀಳಬೇಕು ಎಂಬ ವಿವೇಕ ಎರಡಕ್ಕೂ ಬೇಕು. ಆ ವಿವೇಕ ತಪ್ಪಿದಾಗ ಉರಿಯೂತ ಆರದೆ ಉಳಿಯುತ್ತದೆ.

ಕರುಳಿನ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪೊರೆ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿಯಾದರೂ ಬಂದು ಕರುಳಿನ ಗೋಡೆಯ ಆಳಕ್ಕಿಳಿಯುವುದು ಕ್ರೋನ್ಸ್ ರೋಗ. 1932ರಲ್ಲಿ ನ್ಯೂಯಾರ್ಕಿನ ಡಾ. ಕ್ರೋನ್ ಮತ್ತು ಅವರ ಇಬ್ಬರು ಸಂಗಡಿಗರು ವಿವರಿಸಿದ್ದು. ನಮ್ಮ ಹುಡುಗನದು ಎರಡನೆಯದು.

1976ರಲ್ಲಿ ಶಿಕಾಗೋದ ವೈದ್ಯರು, ಕರುಳಿನ ಉರಿಯೂತವಿದ್ದ ಆರು ಮಂದಿಗೆ ಬೇರೆ ಕಾರಣವೇ ಕಾಣದ ಶ್ವಾಸನಾಳದ ಕಾಯಿಲೆ ಬಂದುದನ್ನು ಬರೆದಿಟ್ಟರು. 2008ರಲ್ಲಿ ಸ್ವೀಡನ್ನಿನವರು ಒಂದು ಲಕ್ಷಕ್ಕೂ ಮಿಕ್ಕ ಸಿ.ಒ.ಪಿ.ಡಿ. ರೋಗಿಗಳ ದಾಖಲೆಗಳನ್ನು ತಾಳೆ ನೋಡಿದರು. ಲೆಕ್ಕ ತಾಳೆ ನೋಡುವುದೇ ಕಸುಬಾದ ನಮಗೆ ಈ ಕೆಲಸ ಬಹಳ ಹಿಡಿಸಿತು. ಅವರಲ್ಲಿ ಕ್ರೋನ್ಸ್ ರೋಗ ಇತರರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಾಗಿತ್ತು. ಅವರ ಒಡಹುಟ್ಟಿದವರು, ಮಕ್ಕಳು ಮೊದಲಾದ ಹತ್ತಿರದ ರಕ್ತಸಂಬಂಧಿಗಳಲ್ಲಿಯೂ ಸ್ವಲ್ಪ ಹೆಚ್ಚಾಗಿತ್ತು. ಈ 'ಸ್ವಲ್ಪ' ಎಂಬುದನ್ನು ಮರೆಯಬಾರದು. ರಕ್ತದಲ್ಲಿ ಏನೋ ಹರಿದು ಬರುತ್ತದೆ, ಆದರೆ ಅಷ್ಟರಿಂದಲೇ ರೋಗ ಬರುವುದಿಲ್ಲ ಎಂದು ಅದರ ಅರ್ಥ.

ಆ ಏನೋ ಎಂಬುದು ಏನು? 2001ರಲ್ಲಿ ಎರಡು ತಂಡಗಳು ಹದಿನಾರನೆಯ ವರ್ಣತಂತುವಿನ ಮೇಲೆ ನಾಡ್-2 ಎಂಬ ಜೀನನ್ನು ಕ್ರೋನ್ಸ್ ರೋಗಕ್ಕೆ ಗಂಟುಹಾಕಿದುವು. ಈ ಜೀನು ಒಬ್ಬ ಬಾಗಿಲ ಕಾವಲುಗಾರ. ಬ್ಯಾಕ್ಟೀರಿಯಾದ ಗೋಡೆಯ ಚೂರೊಂದನ್ನು ಗುರುತಿಸುವುದು ಅದರ ಕೆಲಸ. ಕಾವಲುಗಾರನ ಕಣ್ಣು ಮಂಜಾದರೆ ಗಲಭೆ ಎದ್ದೀತು. 2012ರಲ್ಲಿ ಜಪಾನಿನವರು ಇದೇ ಜೀನಿನ ಒಂದು ಮಾರ್ಪಾಟು ಸಿ.ಒ.ಪಿ.ಡಿ. ರೋಗಿಗಳಲ್ಲಿ ಹೆಚ್ಚಾಗಿರುವುದನ್ನೂ, ರೋಗದ ತೀವ್ರತೆಯೊಡನೆ ಅದಕ್ಕೆ ಸಂಬಂಧವಿರುವುದನ್ನೂ ಕಂಡರು. ಎದೆ ಮತ್ತು ಕರುಳು ಎರಡರ ಕಡತದಲ್ಲಿಯೂ ಒಂದೇ ಹೆಸರು!

ಆದರೆ ಪಾಶ್ಚಾತ್ಯರಲ್ಲಿ ಹೆಸರಾದ ನಾಡ್-2ರ ಮೂರು ದೋಷಗಳು ಭಾರತೀಯರಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ನಮ್ಮವರ ಜೀನುಗಳನ್ನು ನಮ್ಮವರಲ್ಲಿಯೇ ಹುಡುಕಬೇಕು. ದಿಲ್ಲಿ ವಿಶ್ವವಿದ್ಯಾಲಯದ ಬಿ. ಕೆ. ತೆಲ್ಮಾ ಅವರ ತಂಡ ಲುಧಿಯಾನದ ವೈದ್ಯರೊಡನೆ ಕೂಡಿ ಉತ್ತರ ಭಾರತೀಯರಲ್ಲಿ ಕೊಲೈಟಿಸಿಗೆ ಸಂಬಂಧಿಸಿದ ಹೊಸ ಸ್ಥಾನಗಳನ್ನು 2015ರಲ್ಲಿ ಪ್ರಕಟಿಸಿತು. ಆದ್ದರಿಂದ ಯಾರಾದರೂ ಹಣ ಕೇಳಿ ಪರದೇಶದ ಪಟ್ಟಿಯಂತೆ ಜೀನು ಪರೀಕ್ಷೆ ಮಾಡಿ ಭವಿಷ್ಯ ಹೇಳುತ್ತೇವೆಂದರೆ ಚೀಲ ಬಿಚ್ಚುವ ಮುನ್ನ ಯೋಚಿಸಿರಿ.

ಇನ್ನು ಮಾವನ ಪ್ರಶ್ನೆ. 1988ರಲ್ಲಿ ಸ್ವೀಡನ್ನಿನಲ್ಲಿಯೇ ಅವಳಿಗಳ ಲೆಕ್ಕ ತೆಗೆದರು. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳ ಜೀನುಗಳು ಒಂದೇ. ಒಬ್ಬರಿಗೆ ಕ್ರೋನ್ಸ್ ಇದ್ದ 18 ಜೋಡಿಗಳಲ್ಲಿ ಇಬ್ಬರಿಗೂ ಇದ್ದದ್ದು 8ರಲ್ಲಿ. ಕೊಲೈಟಿಸ್ ಇದ್ದ 16 ಜೋಡಿಗಳಲ್ಲಿ ಒಂದೇ ಒಂದರಲ್ಲಿ. ಜೀನು ಅಕ್ಷರಶಃ ಒಂದೇ ಆಗಿದ್ದರೂ ಹತ್ತು ಜೋಡಿಗಳಲ್ಲಿ ಎರಡನೆಯವರು ಪಾರಾಗಿದ್ದರು. ಹಾಗಿರುವಾಗ ಹುಡುಗನ ತಾಯಿಗೆ ದಮ್ಮು ಎಂಬ ಕಾರಣಕ್ಕೆ ಹುಟ್ಟದ ಮಕ್ಕಳ ಜಾತಕ ಬರೆಯುವುದು ಯಾವ ನ್ಯಾಯ? ಕ್ರೋನ್ಸ್ ಇರುವವರ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ಬರುವುದಿಲ್ಲ.

ಅತ್ತೆಯವರ ಎದೆಯನ್ನು ಕೆಡಿಸಿದ್ದರಲ್ಲಿ ವಂಶಕ್ಕಿಂತ ಒಲೆಯ ಪಾಲು ದೊಡ್ಡದೆಂದು ನಮ್ಮ ಎಣಿಕೆ. ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಪರೀಕ್ಷಿಸಿ ಅಲ್ಲಿಯ ವೈದ್ಯರು 2013ರಲ್ಲಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಸೌದೆ ಬೆರಣಿಯ ಒಲೆಯ ಮುಂದೆ ದಿನಕ್ಕೆ ಕೂಡುವ ಗಂಟೆಗಳನ್ನು ಕೂತ ವರ್ಷಗಳಿಂದ ಗುಣಿಸಿರಿ. 60 ದಾಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ. ಅತ್ತೆ ಹದಿನಾಲ್ಕರಿಂದ ಮೂವತ್ತೆಂಟರವರೆಗೆ, ಊರಲ್ಲಿಯೂ ಇಲ್ಲಿಯ ಚಾಳಿನಲ್ಲಿಯೂ, ದಿನಕ್ಕೆ ನಾಲ್ಕು ಗಂಟೆ ಒಲೆ ಊದಿದವರು. ಇಪ್ಪತ್ತನಾಲ್ಕು ನಾಲ್ಕಲೆ ತೊಂಬತ್ತಾರು. ಕಲ್ಲುಗಣಿಯ ದೂಳು, ಮಾವನ ಬೀಡಿ ಬೇರೆ, ಅವಕ್ಕೆ ಲೆಕ್ಕವಿಟ್ಟವರಿಲ್ಲ. ಜೀನೊಂದರಿಂದಲೇ ಎದೆ ಕೆಡುವುದೂ ಉಂಟು: 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಕಂಡ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಅಂಥದು. ನಮ್ಮಲ್ಲಿ ಅದು ಅಪರೂಪ.

ಬೀಡಿಯ ಮಾತು ಬಂದುದರಿಂದ ಒಂದು ಪ್ರಮಾದವನ್ನು ಹೇಳಲೇಬೇಕು. ಕೊಲೈಟಿಸ್ ರೋಗಿಗಳಲ್ಲಿ ಸಿಗರೇಟು ಸೇದುವವರು ಕಡಿಮೆ ಎಂದು 1982ರಲ್ಲಿ ಬ್ರಿಟನ್ನಿನ ವೈದ್ಯರು ಗಮನಿಸಿದ್ದುಂಟು. ಇದನ್ನು ಅರ್ಧಮರ್ಧ ಕೇಳಿದ ಗೆಳೆಯನೊಬ್ಬ ನಮ್ಮ ಹುಡುಗನಿಗೆ "ಸೇದು, ಕರುಳಿಗೆ ಒಳ್ಳೆಯದು" ಎಂದು ಉಪದೇಶಿಸಿದ. ಕ್ರೋನ್ಸ್ ರೋಗದಲ್ಲಿ ಫಲ ತದ್ವಿರುದ್ಧ. ಹೊಗೆ ಅದನ್ನು ಕೆರಳಿಸುತ್ತದೆ. ಮೂರು ತಿಂಗಳಲ್ಲಿ ಹುಡುಗ ಮತ್ತೆ ಹಾಸಿಗೆ ಹಿಡಿದ. ಎದೆಗಂತೂ ಹೊಗೆ ಯಾವ ಬಗೆಯಲ್ಲಿಯೂ ಹಿತವಲ್ಲ.

ಎರಡೂ ಬೇನೆಗಳನ್ನು ವೈದ್ಯರಿಗೆ ಒಟ್ಟಿಗೆ ಏಕೆ ಹೇಳಬೇಕು? ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ರೋಗವೂ ದುರ್ಬೀನಿನಲ್ಲಿ ಹೆಚ್ಚು ಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಕ್ರೋನ್ಸಿಗೆ ಕೊಡುವ ಕೆಲವು ಮದ್ದುಗಳು ದೇಹದ ಕಾವಲನ್ನು ತಗ್ಗಿಸುತ್ತವೆ. ಒಳಗೆ ಅಡಗಿದ ಕ್ಷಯವಿದ್ದರೆ ಅದು ಎದ್ದು ಕೂಡುತ್ತದೆ. ಮನೆಯಲ್ಲಿ ಕೆಮ್ಮುವವರಿದ್ದಾರೆಂದು ತಿಳಿದರೆ ವೈದ್ಯರು ಅವರನ್ನೂ ಪರೀಕ್ಷಿಸುತ್ತಾರೆ. ಕೆಲವು ಕರುಳಿನ ಮದ್ದುಗಳು ಅಪರೂಪಕ್ಕೆ ಎದೆಗೇ ತೊಂದರೆ ಕೊಡುವುದೂ ಇದೆ. ನಮ್ಮ ಹುಡುಗನಿಗೆ ಮೊದಲು ಕ್ಷಯದ ಮದ್ದೇ ಆಯಿತು. ಎರಡು ತಿಂಗಳಾದರೂ ಹುಣ್ಣು ಮಾಯದ್ದರಿಂದ ಕ್ರೋನ್ಸ್ ಎಂದು ನಿರ್ಧಾರವಾಯಿತು. ಆ ಎರಡು ತಿಂಗಳೂ ಮಾವನ "ಇಲ್ಲ" ಕಡತದಲ್ಲಿ ಹಾಗೆಯೇ ಇತ್ತು.

ಅದನ್ನು ತಿದ್ದಿದವರು ಅತ್ತೆಯವರೇ. ಒಂದು ದಿನ ಯಾರೂ ಕರೆಯದಿದ್ದರೂ ಒಳಗೆ ಬಂದು ಕುಳಿತು, "ನನಗ ದಮ್ಮೈತ್ರೀ ಡಾಕ್ಟರ, ಹನ್ನೆರಡ ವರ್ಷ ಆತು" ಎಂದರು. ಅವರ ಕಫ ಪರೀಕ್ಷೆಯಾಯಿತು, ಎದೆಯ ಚಿತ್ರ ತೆಗೆದರು, ಸ್ಪೈರೋಮೀಟರು ಊದಿಸಿದರು. ಕ್ಷಯವಿರಲಿಲ್ಲ, ಸಿ.ಒ.ಪಿ.ಡಿ. ಎಂದಾಯಿತು. ಈಗ ಇಬ್ಬರಿಗೂ ಮದ್ದು ನಡೆದಿದೆ. ಹುಡುಗ ಐದು ಕಿಲೋ ಮರಳಿ ಗಳಿಸಿದ್ದಾನೆ. ಹೋದ ವೈಶಾಖದಲ್ಲಿ ಬಂದ ಸಂಬಂಧವೊಂದು, ನಾವು ಎಲ್ಲವನ್ನೂ ಬಿಚ್ಚಿ ಹೇಳಿದ ಮೇಲೆ, ತಪ್ಪಿಹೋಯಿತು. ಇನ್ನೊಂದು ಕಡೆಯವರು ಎಲ್ಲವನ್ನೂ ಕೇಳಿಯೂ ಕಾಗದಗಳನ್ನು ತಮ್ಮ ವೈದ್ಯರಿಗೆ ತೋರಿಸುತ್ತೇವೆಂದು ಒಯ್ದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಚಹದ ವೇಳೆಯಲ್ಲಿ ಮೂಲೆಯ ಮೇಜಿನ ಬಳಿ ಇರುತ್ತೇವೆ. ಮನೆಯವರ ಕಾಯಿಲೆ, ವಯಸ್ಸು, ಒಲೆಯ ವರ್ಷಗಳು, ನಡೆದಿರುವ ಮದ್ದು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ವೈದ್ಯರಿಗೆ ಒಯ್ಯಬೇಕೆನ್ನುವವರು ಬರಬಹುದು. ಹಾಳೆಗಳನ್ನು ತಂದಿದ್ದೇವೆ.