ಹಿಂಡಿ, ಬಾರಕೋಲು ಮತ್ತು ನೆನಪು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹೊಲಗಳಲ್ಲಿ ಎಳೆಯ ಹೋರಿಯನ್ನು ಪಳಗಿಸಲು ಅನುಭವವುಳ್ಳ ಎತ್ತಿನ ಜೊತೆ ನೊಗಕ್ಕೆ ಕಟ್ಟುವುದುಂಟು. ಸರಿಯಾಗಿ ನಡೆದರೆ ಹಿಂಡಿ, ತಪ್ಪಿದರೆ ಬಾರಕೋಲು. ಕಲಿತಾದ ಮೇಲೆ ಸಿಗುವ ಇವು ಆ ಪಾಠದ ನೆನಪನ್ನು ಬದಲಿಸಬಲ್ಲವೆ?

ಬಲ್ಲವು. ಕಲಿತ ಕ್ಷಣಕ್ಕೇ ನೆನಪು ಗಟ್ಟಿಯಾಗುವುದಿಲ್ಲ. ಹಸಿ ಗಾರೆಯಂತೆ ಆರಲು ಸಮಯ ಬೇಕು. ಈ ವಿಚಾರವನ್ನು 1900ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಪಿಲ್ಜೆಕರ್ ಮುಂದಿಟ್ಟರು. ಪಾಠವಾದ ಕೂಡಲೇ ಸಿಕ್ಕ ಸಕ್ಕರೆ ನೀರು ಇಲಿಗಳ ನೆನಪನ್ನು ಬಲಪಡಿಸಿದ್ದು ಮುಂದಿನ ಪ್ರಯೋಗಗಳಲ್ಲಿ ಕಂಡಿತು. 1975ರಲ್ಲಿ ಗೋಲ್ಡ್ ಮತ್ತು ವ್ಯಾನ್ ಬಸ್ಕರ್ಕ್, ಅಂಜಿದಾಗ ದೇಹದಲ್ಲಿ ಸ್ರವಿಸುವ ಅಡ್ರಿನಲಿನ್ನನ್ನು ಪಾಠದ ನಂತರ ಇಲಿಗಳಿಗೆ ಚುಚ್ಚಿದರು. ಮಿತವಾದಾಗ ನೆನಪು ಹೆಚ್ಚಿತು, ಅತಿಯಾದಾಗ ಕೆಟ್ಟಿತು. ತಡವಾಗಿ ಕೊಟ್ಟಾಗ ಫಲವಿರಲಿಲ್ಲ.

ಹಾಗಾದರೆ ದಿನವೂ ಹೆದರಿಸಿದರೆ? ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದಾರಿ, ಜಾಗಗಳ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು, ಭಯದ ನೆಲೆಯಾದ ಅಮಿಗ್ಡಲದಲ್ಲಿ ಬೆಳೆದಿದ್ದವು.

ಇಲಿಯ ಲೆಕ್ಕ ಎತ್ತಿಗೆ ಹಾಗೆಯೇ ಹೊಂದದು, ನಿಜ. ಆದರೂ ಇಷ್ಟು ತಿಳಿಯುತ್ತದೆ: ಹಿಂಡಿ ಕೊಡುವುದಾದರೆ ಹೋರಿ ಸರಿಯಾಗಿ ನಡೆದ ಕೂಡಲೇ ಕೊಡಬೇಕು, ಸಂಜೆಗಲ್ಲ. ಎಡೆಬಿಡದ ಬಾರಕೋಲು ಕಲಿಸುವುದು ಸಾಲನ್ನಲ್ಲ, ಭಯವನ್ನು. ತರಗತಿಯ ಬೆತ್ತದ ಬಗೆಗೂ ನೀವೇ ಯೋಚಿಸಿ ನೋಡಿ.