ದೇವರ ಮನೆಯಿಂದ ಬಚ್ಚಲಿನವರೆಗೆ: ಶುದ್ಧಿಯ ಸುಲಭ ಸಾಧನಗಳು

॥ ಶ್ರೀಹರಿವಾಯುಗುರುಭ್ಯೋ ನಮಃ ॥

(ಶಾಖಾಮಠದ ಮಹಿಳಾ ಭಜನಾ ಮಂಡಳಿಯ ಸಭೆಯಲ್ಲಿ ನೀಡಲಾದ ಉಪನ್ಯಾಸದ ಲಿಖಿತ ರೂಪ)



ಭಗವದ್ಗೀತೆಯ 13ನೆಯ ಅಧ್ಯಾಯದ ಜ್ಞಾನಸಾಧನಗಳಲ್ಲಿಯೂ 16ನೆಯ ಅಧ್ಯಾಯದ ದೈವೀಸಂಪತ್ತಿನಲ್ಲಿಯೂ ಶೌಚವು ಎಣಿಸಲ್ಪಟ್ಟಿದೆ. ಅಂತಃಶೌಚದ ವಿಚಾರವನ್ನು ವಿದ್ವಾಂಸರು ಅನೇಕ ಬಾರಿ ನಿರೂಪಿಸಿದ್ದಾರೆ. ಇಂದಿನ ವಿಷಯ ಬಾಹ್ಯಶೌಚ. ಅದರಲ್ಲಿಯೂ ಪಾತ್ರೆ, ವಸ್ತ್ರ, ನೆಲ, ಬಚ್ಚಲುಗಳ ಸಾಮಾನ್ಯ ಮಾತು.

ಊರಿನ ಮನೆಯಲ್ಲಿ ಒಲೆಯ ಬೂದಿ, ತೆಂಗಿನ ನಾರು, ಅಂಟುವಾಳದ ಕಾಯಿ, ಹುಣಸೆಹಣ್ಣು ಇಷ್ಟಿದ್ದರೆ ಸಕಲ ಶುದ್ಧಿಯೂ ನಡೆಯುತ್ತಿತ್ತು. ಮುಂಬಯಿ, ಪುಣೆಗಳ ಎರಡು ಕೋಣೆಯ ಮನೆಯಲ್ಲಿ ಅನಿಲದ ಒಲೆ ಬಂದು ಬೂದಿ ಹೋಯಿತು. ಆ ಸ್ಥಾನದಲ್ಲಿ ಬಣ್ಣಬಣ್ಣದ ಬಾಟಲಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಅರ್ಧದಷ್ಟು ಅನಾವಶ್ಯಕ, ಕೆಲವಂತೂ ಅಪಾಯಕರ.

ದೇವರ ಪಾತ್ರೆಗಳಿಂದಲೇ ಆರಂಭಿಸುವುದು ಉಚಿತ. ತಾಮ್ರ, ಹಿತ್ತಾಳೆಗಳ ಮೇಲೆ ಕಟ್ಟುವ ಕಪ್ಪು ಮತ್ತು ಹಸಿರು ಕಿಲುಬು ಹುಳಿಯಲ್ಲಿ ಕರಗುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, ಎರಡೂ ಈ ಕೆಲಸಕ್ಕೆ ಸಾಕು. ಚಾತುರ್ಮಾಸ್ಯದ ಶಾಕವ್ರತದಲ್ಲಿ ಅಡುಗೆಗೆ ಬಾರದೆ ಉಳಿದ ಹಳೆಯ ಹುಣಸೆ, ಚಿತ್ರಾನ್ನಕ್ಕೆ ಹಿಂಡಿ ಬಿಟ್ಟ ನಿಂಬೆಯ ಸಿಪ್ಪೆ, ಅದರ ಮೇಲೆ ಚಿಟಿಕೆ ಉಪ್ಪು: ಇದಕ್ಕೆ ಪ್ರತ್ಯೇಕ ಖರ್ಚೇ ಇಲ್ಲ. ಆದರೆ ಪಂಚಪಾತ್ರೆಯನ್ನು ಹುಣಸೆಯ ನೀರಿನಲ್ಲಿ ನೆನೆಹಾಕಿ ಮರೆಯುವ ಅಭ್ಯಾಸ ಒಳ್ಳೆಯದಲ್ಲ. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿಯಲ್ಲಿ ಬಹಳ ಹೊತ್ತು ಇದ್ದರೆ ಸತು ಕರಗಿಹೋಗಿ ಪಾತ್ರೆ ಕೆಂಪಗೆ ಕಾಣತೊಡಗುತ್ತದೆ. ಅದನ್ನು ಹೊಳಪೆಂದು ಭ್ರಮಿಸಿ ಸಂತೋಷಪಡುವವರೂ ಉಂಟು. ಐದು ನಿಮಿಷ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಕೂಡಲೇ ಒರೆಸಬೇಕು. ಒರೆಸದಿದ್ದರೆ ಮರುದಿನವೇ ಕಲೆ ಕಾಣಿಸಿಕೊಳ್ಳುತ್ತದೆ. ತೀರ್ಥದ ಪಾತ್ರೆಯ ಮೂಲೆಯಲ್ಲಿ ಹಸಿರು ಕಿಲುಬು ಉಳಿಯಲೇಬಾರದು. ಅದು ವಿಷ, ತೀರ್ಥವನ್ನು ಮನೆಯ ಶಿಶುವೂ ಸ್ವೀಕರಿಸುತ್ತದೆ. ಪಂಚಾಮೃತದ ಮೊಸರನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಇಡಬಾರದೆಂದು ಹಿರಿಯರು ಹೇಳುತ್ತಿದ್ದುದಕ್ಕೂ ಇದೇ ಕಾರಣ.

ರಂಗೋಲಿಯ ಪುಡಿಯಿಂದ ವಿಗ್ರಹಗಳನ್ನು ತಿಕ್ಕುವ ಪದ್ಧತಿಯನ್ನು ಬಿಡುವುದು ಮೇಲು. ಅದು ಕಲ್ಲಿನ ಪುಡಿ. ವರ್ಷಗಳು ಕಳೆದಂತೆ ಕಣ್ಣು, ಮೂಗು, ಶಂಖಚಕ್ರಗಳ ರೇಖೆಗಳು ಸವೆದು ಹೋಗುತ್ತವೆ. ಸಾಲಿಗ್ರಾಮಕ್ಕೆ ಅಭಿಷೇಕದ ಶುದ್ಧೋದಕವೇ ಸಾಕು. ಹುಳಿ ಅದರ ಬಳಿ ಸುಳಿಯಬಾರದು. ಮುದ್ರೆಗಳ ಸೂಕ್ಷ್ಮ ಗೆರೆಗಳಲ್ಲಿ ಗೋಪೀಚಂದನ ಗಟ್ಟಿಯಾಗಿ ಕುಳಿತರೆ ಸೂಜಿಯಿಂದ ಕೆರೆಯಬೇಕಾಗಿಲ್ಲ. ಗೋಪೀಚಂದನವು ಮೃತ್ತಿಕೆ. ಅರ್ಧ ಗಂಟೆ ಬರಿಯ ನೀರಿನಲ್ಲಿಟ್ಟು ಮೃದುವಾದ ಕುಂಚದಿಂದ ಒರೆಸಿದರೆ ತಾನಾಗಿಯೇ ಬಿಡುತ್ತದೆ.

ಬೆಳ್ಳಿಯ ಕಪ್ಪು ಬೇರೆ ಜಾತಿಯದು. ಅದು ಗಂಧಕದೊಡನೆ ಕೂಡಿದ ಬೆಳ್ಳಿಯೇ. ಉಜ್ಜಿದಷ್ಟೂ ಬೆಳ್ಳಿ ಸವೆಯುತ್ತದೆ. ಸ್ಟೀಲಿನ ಪಾತ್ರೆಯ ತಳದಲ್ಲಿ ಅಲ್ಯುಮಿನಿಯಂ ಹಾಳೆಯನ್ನು ಹರಡಿ, ಅದಕ್ಕೆ ತಾಗುವಂತೆ ಬಟ್ಟಲನ್ನಿಟ್ಟು, ಒಂದು ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು ಹಾಕಿ ಕುದಿಯುವ ನೀರನ್ನು ಸುರಿದರೆ ಕೆಲವು ನಿಮಿಷಗಳಲ್ಲಿ ಕಪ್ಪು ಇಳಿಯುತ್ತದೆ. ಗಂಧಕವು ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಹರಳು ಕೂಡಿಸಿದ ಆಭರಣಗಳಿಗೆ ಈ ಕ್ರಮ ಸಲ್ಲದು.

ರೇಷ್ಮೆಯ ಮಡಿಗೆ ಅಂಟುವಾಳಕ್ಕೆ ಸಮಾನವಾದುದು ಇನ್ನೊಂದಿಲ್ಲ. ಅದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಗೊಡುವ ಅಂಶವಿದೆ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಕುದಿಸಿ ಸೋಸಿದರೆ ದ್ರವ ಸಿದ್ಧ. ಮೂರು ದಿನಗಳಿಗಿಂತ ಹೆಚ್ಚು ಇಟ್ಟರೆ ಹಳಸುತ್ತದೆ. ಬಟ್ಟೆ ಸೋಡಾ ರೇಷ್ಮೆಯ ನೂಲನ್ನೇ ಕೊರೆಯುತ್ತದೆ. ಅಜ್ಜಿಯ ಕಾಲದ ಪಟ್ಟೆ ಸೀರೆ ಹರಿದುಹೋಗುವುದು ಅನೇಕ ಬಾರಿ ವಯಸ್ಸಿನಿಂದಲ್ಲ, ಸಾಬೂನಿನಿಂದ. ಇದೇ ದ್ರವ ಎಣ್ಣೆ ಹಿಡಿದ ದೀಪಗಳಿಗೂ ಆಗುತ್ತದೆ. ಮೊದಲು ಕಡಲೆಹಿಟ್ಟಿನಿಂದ ಜಿಡ್ಡನ್ನು ಒರೆಸಿಕೊಳ್ಳಬೇಕು. ಅನಿಲದ ಒಲೆಯ ಬರ್ನರುಗಳನ್ನು ಸೋಡಾ ಬೆರೆತ ಬಿಸಿನೀರಿನಲ್ಲಿಡಲು ಏಕಾದಶಿಗಿಂತ ಅನುಕೂಲದ ದಿನವಿಲ್ಲ. ಅಂದು ಒಲೆಗೂ ಉಪವಾಸ.

ನೆಲದ ವಿಚಾರದಲ್ಲಿ ಊರಿನಿಂದ ಊರಿಗೆ ವ್ಯತ್ಯಾಸವುಂಟು. ಹೈದರಾಬಾದು, ಚೆನ್ನೈಗಳ ಕೊಳವೆಬಾವಿಯ ನೀರು ಗಡುಸು. ನಲ್ಲಿಯಲ್ಲಿಯೂ ಬಕೆಟ್ಟಿನಲ್ಲಿಯೂ ಬಿಳಿಯ ಸುಣ್ಣ ಕಟ್ಟುತ್ತದೆ. ನಿಂಬೆರಸದಲ್ಲಿ ತೊಯ್ದ ಬಟ್ಟೆಯನ್ನು ನಲ್ಲಿಗೆ ಸುತ್ತಿಟ್ಟರೆ ಅದು ಕರಗುತ್ತದೆ. ಹುದುಗಿಸಿದ್ದೆಂದು ವಿನೆಗರನ್ನು ಅಡುಗೆಮನೆಗೆ ತಾರದ ಮನೆಗಳಿಗೆ ನಿಂಬೆಯೇ ಗತಿ, ನಷ್ಟವೇನೂ ಇಲ್ಲ. ಆದರೆ ಸುಣ್ಣವನ್ನು ಕರಗಿಸುವ ಹುಳಿ ಸುಣ್ಣದ ಕಲ್ಲನ್ನೂ ಕರಗಿಸುತ್ತದೆ. ಅಮೃತಶಿಲೆ, ಕೋಟಾ, ಕಡಪ, ಕಲಬುರಗಿ ಸೀಮೆಯ ಶಹಾಬಾದು, ಇವೆಲ್ಲವೂ ಆ ಜಾತಿಯವೇ. ಇವುಗಳ ಮೇಲೆ ಹುಳಿ ಬಿದ್ದರೆ ಹೊಳಪು ಹೋಗಿ ಮಂಕಾದ ಗುರುತು ಉಳಿಯುತ್ತದೆ. ಅದನ್ನು ಯಾವ ಬಟ್ಟೆಯೂ ಒರೆಸದು. ಅಲ್ಲಿ ಅಂಟುವಾಳದ ನೀರೇ ಸರಿ. ಗೋಮಯದ ಸಾರಣೆ ಮಣ್ಣಿನ ನೆಲದ ಧೂಳನ್ನು ಹಿಡಿದಿಡುತ್ತಿತ್ತು. ಟೈಲ್ಸಿನ ಮೇಲೆ ಅದಕ್ಕೆ ಆ ಕೆಲಸವಿಲ್ಲ. ಸ್ಥಳಶುದ್ಧಿಗೆ ಪ್ರೋಕ್ಷಿಸುವವರು ಬಳಿಕ ಶುದ್ಧ ನೀರಿನಿಂದ ಒರೆಸಿದರೆ ಆಯಿತು.

ಸೋಡಾಕ್ಕೆ ನಿಂಬೆ ಹಿಂಡಿದರೆ ಭರ್ರನೆ ನೊರೆ ಬರುತ್ತದೆ, ಅದು ಮಹಾಶಕ್ತಿಯೆಂದು ಒಂದು ನಂಬಿಕೆ ಹರಡಿದೆ. ವಾಸ್ತವದಲ್ಲಿ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಉಪ್ಪುನೀರಷ್ಟೇ ಉಳಿಯುತ್ತದೆ. ಜಿಡ್ಡಿಗೆ ಸೋಡಾ, ಸುಣ್ಣಕ್ಕೆ ಹುಳಿ, ಬೇರೆ ಬೇರೆಯಾಗಿ.

ಬೆರೆಸುವ ಈ ಚಪಲವು ಬಚ್ಚಲಿನಲ್ಲಿ ಪ್ರಾಣಕ್ಕೇ ಬರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಶೌಚಾಲಯದ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಬೆರೆತರೂ ಅಷ್ಟೇ, ನಿಂಬೆಯೂ ಕ್ಷೇಮವಲ್ಲ. ಮೂರು ಅಡಿಯ ಬಚ್ಚಲು, ಮುಚ್ಚಿದ ಕಿಟಕಿ, ಬಾಗಿ ತಿಕ್ಕುತ್ತಿರುವ ಗೃಹಿಣಿ ಅಥವಾ ಕೆಲಸದಾಕೆ: ಶ್ವಾಸಕೋಶಕ್ಕೆ ಹಾನಿಯಾಗಲು ಇಷ್ಟು ಸಾಕು. ಕಣ್ಣುರಿ, ಕೆಮ್ಮು ತೋರಿದೊಡನೆ ಎಲ್ಲವನ್ನೂ ಬಿಟ್ಟು ಹೊರಗೆ ಗಾಳಿಗೆ ಬರಬೇಕು. ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಆಸಿಡ್ಡಿನ ಬಿಡಿ ಮಾರಾಟಕ್ಕೆ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ ಕಟ್ಟುಪಾಡು ವಿಧಿಸಿದೆ. ಹೀಗಿದ್ದರೂ ತಂಪುಪಾನೀಯದ ಖಾಲಿ ಬಾಟಲಿಯಲ್ಲಿ ಅದನ್ನು ತುಂಬಿ ಬಚ್ಚಲಿನ ಮೂಲೆಯಲ್ಲಿಡುವ ಮನೆಗಳಿವೆ. ಮಕ್ಕಳಿರುವ ಮನೆಯಲ್ಲಿ ಆ ಬಾಟಲಿಯನ್ನು ಇಂದು ಸಂಜೆಯೇ ಹೊರಹಾಕಬೇಕು. ದಿನಕ್ಕೊಮ್ಮೆ ಸೋಡಾ ಚಿಮುಕಿಸಿ ಬಿರುಸು ಕುಂಚದಿಂದ ತಿಕ್ಕುವ ಬಚ್ಚಲಿಗೆ ಆಸಿಡ್ಡಿನ ಅಗತ್ಯ ಬೀಳುವುದು ಅಪರೂಪ.

॥ ಶ್ರೀಕೃಷ್ಣಾರ್ಪಣಮಸ್ತು ॥