ನೇಗಿಲಿನ ಚಿತ್ರ, ಕಾಣದ ಕೈ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಳೇ ನೇಗಿಲಿನ ಚಿತ್ರದ ಬಗ್ಗೆ ಎರಡು ಮಾತು ಹೇಳ್ತೀನಿ. ನೇಗಿಲು ಅಂದ್ರೇನು ಅಂತ ನಿಮಗೆ ಯಾರೂ ಪಾಠ ಮಾಡಬೇಕಿಲ್ಲ. ಚಿತ್ರದ ಕಥೆ ಬೇರೆ.

1930ರ ದಶಕದಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಮುಚ್ಚಿದವು. ಚಿತ್ರ ಬರೆಯೋರೂ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ 1935ರಲ್ಲಿ ಅವರಿಗೆ ಸಂಬಳ ಕೊಟ್ಟು ಕೆಲಸ ಹಚ್ಚಿತು. ಅದರಲ್ಲೊಂದು 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್'. ಜನ ಬಳಸಿದ ಹಳೇ ನೇಗಿಲು, ಕುಡುಗೋಲು, ಮಡಕೆ, ಕೌದಿ, ಬೊಂಬೆಗಳನ್ನು ಇದ್ದದ್ದು ಇದ್ದ ಹಾಗೆ ಜಲವರ್ಣದಲ್ಲಿ ಬರೆಯೋದು. ಆಗ ಬಣ್ಣದ ಫೋಟೋ ದುಬಾರಿ, ನಂಬುವಂಥದ್ದೂ ಅಲ್ಲ. 1942ರಲ್ಲಿ ಕೆಲಸ ನಿಲ್ಲುವ ಹೊತ್ತಿಗೆ ಸುಮಾರು 18,000 ಚಿತ್ರಗಳಾಗಿದ್ದವು. ಅವು ಇವತ್ತು ವಾಷಿಂಗ್‌ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ.

ಬರೆದ ರೀತಿ ನೋಡಬೇಕು. ಬಿಳಿ ಹಾಳೆ, ನಡುವೆ ಒಂಟಿ ಸಾಮಾನು. ಹಿಂದೆ ಹೊಲವಿಲ್ಲ, ಆಕಾಶವಿಲ್ಲ. ಮರದ ಎಳೆ, ಕಬ್ಬಿಣದ ತುಕ್ಕು, ಸವೆದ ಹಿಡಿ ಎಲ್ಲಾ ಕಾಣುತ್ತೆ. ರಾಜನ ಕಿರೀಟಕ್ಕೆ ಕೊಡೋ ಗೌರವವನ್ನ ರೈತನ ಸಾಮಾನಿಗೆ ಕೊಟ್ಟರು. ಇದು ದೊಡ್ಡ ಕೆಲಸ. ಇಲ್ಲ ಅನ್ನಲಾರೆ.

ಆದರೆ ಆ ಹಿಡಿ ಸವೆಸಿದ ಕೈ ಯಾರದು? ಗ್ಯಾಲರಿಯ ಪಟ್ಟಿಯಲ್ಲಿ ಚಿತ್ರ ಬರೆದವರ ಹೆಸರಿದೆ, ಅಳತೆಯಿದೆ. ಉತ್ತವರ ಹೆಸರು ಸಿಗೋದು ಅಪರೂಪ. 1865ರವರೆಗೆ ಆ ದೇಶದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದವರು ಗುಲಾಮರಾಗಿದ್ದ ಕಪ್ಪು ಜನ. ಇನ್ನು ಆ ನೆಲದ ಮೂಲನಿವಾಸಿಗಳ ವಸ್ತುಗಳನ್ನ ಈ ಯೋಜನೆಯಿಂದ ಹೊರಗೇ ಇಟ್ಟರು. ಅದು ಮಾನವಶಾಸ್ತ್ರದವರ ಪಾಲು ಅಂದರು. ಅಮೆರಿಕದ ಜನರ ಕಲೆ ಅಂತ ಹೆಸರು, ಆ ಜನರಲ್ಲಿ ಮೊದಲಿನವರೇ ಇಲ್ಲ!

ನಮಗೆ ಇದು ಹೊಸದೇನಲ್ಲ. ಆಯುಧಪೂಜೆ ದಿನ ನೇಗಿಲಿಗೆ ಕುಂಕುಮ, ಉತ್ತವನಿಗೆ ಹೊಸಿಲಾಚೆ ಜಾಗ. ಸಾಮಾನು ಪವಿತ್ರ, ಹಿಡಿದ ಕೈ ಮೈಲಿಗೆ.

ಅದಕ್ಕೇ ಕೇಳ್ಕೊಳ್ತೀನಿ. ರಜಕ್ಕೆ ಊರಿಗೆ ಹೋದಾಗ ಮನೆಯ ಗುದ್ದಲಿ, ಕುಡುಗೋಲು, ಮರ ಏನಿದ್ಯೋ ಅದರ ಚಿತ್ರ ಬರೀರಿ. ಬಣ್ಣ ಬೇಡ, ಪೆನ್ಸಿಲ್ ಸಾಕು. ಚೆನ್ನಾಗಿ ಬರದಿದ್ರೂ ಚಿಂತೆಯಿಲ್ಲ, ಅಳತೆ ಸರಿ ಇರಲಿ. ಕೆಳಗೆ ಮೊದಲು ಹಿಡಿದವರ ಹೆಸರು ಬರೀರಿ: ಅಪ್ಪ, ಅವ್ವ, ಅಜ್ಜಿ. ಆಮೇಲೆ ಯಾರ ಹೊಲ, ಎಷ್ಟು ಹೊತ್ತಿನ ದುಡಿಮೆ, ಕೂಲಿ ಎಷ್ಟು, ಕೊಟ್ಟರೋ ಇಲ್ಲವೋ. ನಿಮ್ಮ ಹೆಸರು ಕೊನೆಗಿರಲಿ.

ಆ ಹಾಳೆಗಳನ್ನ ಮುಂದಿನ ಸಭೆಗೆ ತನ್ನಿ. ಹಾಸ್ಟೆಲ್ ಗೋಡೆ ಖಾಲಿ ಇದೆ, ಅಂಟಿಸೋಣ.